ಎಮ್ಯುಲೇಟರ್: ಫೋನಿನಲ್ಲಿ ಹಳೆಯ ಟಿವಿ ಗೇಮ್

ಎಮ್ಯುಲೇಟರ್ – ಒಂದು ಯಂತ್ರದ ವರ್ತನೆಯನ್ನು ಬೇರೊಂದು ಯಂತ್ರದ ಮೇಲೆ ಹಾಗೆಯೇ ನಡೆಸಿಕೊಡುವ ತಂತ್ರಾಂಶ. 1980 ಮತ್ತು 90ರ ದಶಕಗಳಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ವೀಡಿಯೊ ಗೇಮ್‌ಗಳು ಇಂದು ಸ್ಮಾರ್ಟ್‌ಫೋನಿನಲ್ಲಿ ಓಡುವುದು ಇದರಿಂದಲೇ. ಹಳೆಯ ಆಟವನ್ನು ಫೋನಿಗಾಗಿ ಯಾರೂ ಹೊಸದಾಗಿ ಬರೆದಿರುವುದಿಲ್ಲ. ಆಟದ ಕ್ಯಾಸೆಟ್ಟಿನ ಚಿಪ್‌ನಲ್ಲಿದ್ದ ಮಾಹಿತಿಯನ್ನು ಹಾಗೇ ಎತ್ತಿ ಒಂದು ಫೈಲ್ ಮಾಡಿರುತ್ತಾರೆ. ಅದಕ್ಕೆ ರೋಮ್ ಎಂದು ಹೆಸರು. ಆ ಫೈಲಿಗೆ ತಾನು ಈಗಲೂ ಹಳೆಯ ಯಂತ್ರದೊಳಗೇ ಇದ್ದೇನೆ ಎನ್ನಿಸುವಂತೆ ನಡೆದುಕೊಳ್ಳುವುದು ಎಮ್ಯುಲೇಟರಿನ ಕೆಲಸ.

ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ 90ರ ದಶಕದಲ್ಲಿ ಬೆಳೆದವರಿಗೆ ಕಾಂಟ್ರಾ, ಮಾರಿಯೋ, ಟ್ಯಾಂಕ್ ಗೇಮುಗಳನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಇಲ್ಲಿ ಒಂದು ತೊಡಕಿದೆ. ಈ ಬಡಾವಣೆಗಳ ಮನೆಗಳಲ್ಲಿ ಇದ್ದದ್ದು ಜಪಾನಿನ ಅಸಲಿ ನಿಂಟೆಂಡೊ ಯಂತ್ರವಲ್ಲ, ಅದರ ನಕಲು. ಇಂದಿನ ಎಮ್ಯುಲೇಟರುಗಳು ಶ್ರದ್ಧೆಯಿಂದ ಅನುಕರಿಸುವುದಾದರೋ ಅಸಲಿಯನ್ನು. ಹೀಗಾಗಿ ಫೋನಿನಲ್ಲಿ ಮಾರಿಯೋ ಹಾಕಿಕೊಂಡ ನಲವತ್ತರ ಆಸುಪಾಸಿನವರಿಗೆ ‘ಇದು ಯಾಕೋ ನಮ್ಮ ಮಾರಿಯೋ ಥರ ಇಲ್ಲವಲ್ಲ’ ಅನ್ನಿಸಿದರೆ ಅದು ಬರೀ ವಯಸ್ಸಿನ ದೋಷವಲ್ಲ. ಅದಕ್ಕೆ ತಾಂತ್ರಿಕ ಕಾರಣವಿದೆ, ಮುಂದೆ ನೋಡೋಣ.

ಟಿವಿ ಗೇಮ್ ಬಂದ ದಾರಿ

ನಿಂಟೆಂಡೊ ಕಂಪನಿ ‘ಫ್ಯಾಮಿಕಾಮ್’ ಎಂಬ ಯಂತ್ರವನ್ನು ಜಪಾನಿನಲ್ಲಿ ಬಿಡುಗಡೆ ಮಾಡಿದ್ದು 1983ರ ಜುಲೈಯಲ್ಲಿ. ಅದನ್ನು ವಿನ್ಯಾಸಗೊಳಿಸಿದವರು ಮಸಾಯುಕಿ ಉಯೆಮುರಾ. 1985ರಲ್ಲಿ ಅದೇ ಯಂತ್ರ ಎನ್‌ಇಎಸ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು. ಭಾರತದಲ್ಲಿ ಸಮುರಾಯ್ ಎಂಬ ಬ್ರ್ಯಾಂಡಿನಲ್ಲಿ ಅದರ ಅಧಿಕೃತ ಆವೃತ್ತಿ ಮಾರಾಟಕ್ಕೆ ಬಂದಿತ್ತಾದರೂ ಹೆಚ್ಚು ಮನೆಗಳನ್ನು ಮುಟ್ಟಲಿಲ್ಲ. ಸೆಗಾ ಕಂಪನಿಯ ಮೆಗಾ ಡ್ರೈವ್ ಯಂತ್ರವನ್ನು 1995ರಲ್ಲಿ ಶಾ ವ್ಯಾಲೇಸ್ ಸಂಸ್ಥೆ ಇಲ್ಲಿಗೆ ತಂದಾಗ ಬೆಲೆ ಸುಮಾರು 18,000 ರೂಪಾಯಿ. ಆಮದು ಸುಂಕವೇ ಶೇಕಡಾ 80ರಷ್ಟಿದ್ದ ಕಾಲ ಅದು. ಸರ್ಕಾರಿ ಗುಮಾಸ್ತರು, ಕಾರ್ಖಾನೆ ನೌಕರರು, ಸಣ್ಣ ವ್ಯಾಪಾರಿಗಳು ತುಂಬಿದ್ದ ರಾಜಾಜಿನಗರ, ವಿಜಯನಗರದಲ್ಲಿ ಮಕ್ಕಳ ಆಟಕ್ಕೆ ಅಷ್ಟು ದುಡ್ಡು ಕೊಡುವ ಮನೆ ಎಷ್ಟಿದ್ದೀತು?

ಆ ಜಾಗವನ್ನು ತುಂಬಿದ್ದು ನಕಲು ಯಂತ್ರಗಳು. ತೈವಾನಿನ ಯುಎಂಸಿ ಕಂಪನಿ ಫ್ಯಾಮಿಕಾಮಿನ ಚಿಪ್‌ಗಳಿಗೆ ಸರಿಜೋಡಿಯಾದ ಚಿಪ್‌ಗಳನ್ನು ತಯಾರಿಸುತ್ತಿತ್ತು. ಅವನ್ನು ಬಳಸಿ ಪೂರ್ವ ಏಷ್ಯಾದ ಸಣ್ಣಪುಟ್ಟ ಕಾರ್ಖಾನೆಗಳು ನೂರಾರು ಹೆಸರಿನ ಸೆಟ್ಟುಗಳನ್ನು ಹೊರತಂದವು. ನಮ್ಮಲ್ಲೇ ಮೀಡಿಯಾ ವೀಡಿಯೊ ಎಂಬ ಕಂಪನಿ ‘ಲಿಟಲ್ ಮಾಸ್ಟರ್’ ಮುಂತಾದ ಹೆಸರುಗಳಲ್ಲಿ ಇಂಥವನ್ನು ಮಾರಿತು. ಬ್ರ್ಯಾಂಡೇ ಇಲ್ಲದ ಸೆಟ್ಟುಗಳಿಗೂ ಲೆಕ್ಕವಿರಲಿಲ್ಲ. ಪಶ್ಚಿಮ ಬೆಂಗಳೂರಿನವರಿಗೆ ಇವುಗಳ ದೊಡ್ಡ ಪೇಟೆ ಎಂದರೆ ಮೆಜೆಸ್ಟಿಕ್ ಪಕ್ಕದ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್, ಬರ್ಮಾ ಬಜಾರ್. ಬಿಡಿಭಾಗ ಬೇಕಾದರೆ ಎಸ್‌ಪಿ ರೋಡ್. ಸೆಟ್ಟು ಕೊಳ್ಳಲಾಗದವರು ಬೇಸಿಗೆ ರಜೆಯಲ್ಲಿ ದಿನದ ಲೆಕ್ಕಕ್ಕೆ ಬಾಡಿಗೆ ತಂದು, ಅಕ್ಕಪಕ್ಕದ ಮಕ್ಕಳೆಲ್ಲ ಸೇರಿ ಆ ದಿನವನ್ನು ಹಿಂಡಿ ಆಡುತ್ತಿದ್ದರು.

ಸೆಟ್ಟಿನಿಂದ ಬಂದ ವೈರನ್ನು ಟಿವಿಯ ಆಂಟೆನಾ ತೂತಿಗೆ ಸಿಕ್ಕಿಸಿ, ಚಾನೆಲ್ ಟ್ಯೂನ್ ಮಾಡಿ, ಚುಕ್ಕಿಗಳ ನಡುವೆ ಚಿತ್ರ ಮೂಡುವವರೆಗೆ ತಿರುಪಬೇಕಿತ್ತು. ಮೂಡದಿದ್ದರೆ ಕ್ಯಾಸೆಟ್ ತೆಗೆದು ಬಾಯಿಯಿಂದ ಊದಿ ಮತ್ತೆ ಹಾಕುವುದು. ಊದಿದ್ದರಿಂದ ಆಗುತ್ತಿದ್ದ ಉಪಕಾರಕ್ಕಿಂತ ತೆಗೆದು ಹಾಕಿದ್ದರಿಂದ ಆಗುತ್ತಿದ್ದದ್ದೇ ಹೆಚ್ಚು. ಎಂಜಲಿನ ತೇವ ತಾಮ್ರದ ಪಟ್ಟಿಗಳಿಗೆ ಒಳ್ಳೆಯದಲ್ಲ. ಕ್ಯಾಸೆಟ್ ಬಿಚ್ಚಿದರೆ ಒಳಗೆ ಅಂಗೈಗಿಂತ ಚಿಕ್ಕ ಹಸಿರು ಬೋರ್ಡು, ತುದಿಯಲ್ಲಿ ಒಟ್ಟು 60 ಪಿನ್ನು, ಚಿಪ್ ಇರಬೇಕಾದ ಕಡೆ ಕಪ್ಪು ಅಂಟಿನ ಒಂದು ಗುಬುಟು. ಅಮೆರಿಕದ ಎನ್‌ಇಎಸ್‌ಗೆ ಇದ್ದದ್ದು 72 ಪಿನ್ನು. ಹಾಗಾಗಿ ನಮ್ಮ ಕ್ಯಾಸೆಟ್ ಅಲ್ಲಿನ ಯಂತ್ರಕ್ಕೆ ಹೊಂದುತ್ತಿರಲಿಲ್ಲ, ಅಲ್ಲಿನದು ಇಲ್ಲಿಗೂ ಹೊಂದುತ್ತಿರಲಿಲ್ಲ.

ಕ್ಯಾಸೆಟ್ ಮೇಲೆ ‘64 ಇನ್ 1’, ‘9999 ಇನ್ 1’ ಎಂದು ಅಚ್ಚಾಗಿರುತ್ತಿತ್ತು. ಪಟ್ಟಿಯಲ್ಲಿ ಕೆಳಕ್ಕೆ ಇಳಿದಂತೆ ಅದೇ ಮಾರಿಯೋ ಬೇರೆ ಬೇರೆ ಸ್ಟೇಜಿನಿಂದ, ಅದೇ ಕಾಂಟ್ರಾ ಹೆಚ್ಚು ಲೈಫ್ ಕೊಟ್ಟು ಮತ್ತೆ ಮತ್ತೆ ಬರುತ್ತಿತ್ತು. ನಿಜವಾಗಿ ಇರುತ್ತಿದ್ದದ್ದು ಬೆರಳೆಣಿಕೆಯಷ್ಟು ಆಟಗಳು: ಸೂಪರ್ ಮಾರಿಯೋ ಬ್ರದರ್ಸ್ (1985), ಎಲ್ಲರೂ ‘ಟ್ಯಾಂಕ್’ ಎನ್ನುತ್ತಿದ್ದ ನಾಮ್ಕೊ ಕಂಪನಿಯ ಬ್ಯಾಟಲ್ ಸಿಟಿ (1985), ‘ಬೈಕ್’ ಎಂಬ ಹೆಸರಿನಲ್ಲೇ ನಿಂತುಹೋದ ಎಕ್ಸೈಟ್‌ಬೈಕ್ (1984), ಗನ್ನು ಹಿಡಿದು ಬಾತುಕೋಳಿ ಹೊಡೆಯುವ ಡಕ್ ಹಂಟ್ (1984), ರೋಡ್ ಫೈಟರ್, ಸರ್ಕಸ್ ಚಾರ್ಲಿ, ಬಾಂಬರ್‌ಮ್ಯಾನ್. ಎಲ್ಲಕ್ಕಿಂತ ಮೇಲೆ ಕೊನಾಮಿಯ ಕಾಂಟ್ರಾ. ಮನೆಯ ಯಂತ್ರಕ್ಕೆ ಅದು ಬಂದದ್ದು 1988ರಲ್ಲಿ. ಅದರ ಮೂರನೆಯ ಸ್ಟೇಜಿನ ಜಲಪಾತದಲ್ಲಿ ಒಬ್ಬ ಆತುರಪಟ್ಟು ಮೇಲಕ್ಕೆ ಹಾರಿದರೆ ಪರದೆ ಸರಿದು ಕೆಳಗುಳಿದವನು ಸಾಯುತ್ತಾನೆ. ಅಣ್ಣತಮ್ಮಂದಿರ ನಡುವೆ ಮಹಾಭಾರತ ಹೊತ್ತಿಸಲು ಅಷ್ಟು ಸಾಕಿತ್ತು.

ಮನೆಯಾಚೆ ಇನ್ನೊಂದು ಲೋಕವಿತ್ತು. ಅದು ಕಾಯಿನ್ ಹಾಕಿ ನಿಂತು ಆಡುವ ವೀಡಿಯೊ ಗೇಮ್ ಪಾರ್ಲರ್. ಅಲ್ಲಿಯ ರಾಜ ‘ಮುಸ್ತಫಾ’. ಆಟದ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದದ್ದು, ಮೂವರು ಒಟ್ಟಿಗೆ ಆಡಬಹುದಿತ್ತು. ನಾಲ್ಕು ಪಾತ್ರಗಳಲ್ಲಿ ಒಬ್ಬನಾದ ಮುಸ್ತಫಾ ಕೈರೋ ಓಡಿಬಂದು ಒದೆಯುವ ರೀತಿಗೆ ಭಾರತದ ಹುಡುಗರು ಎಷ್ಟು ಮರುಳಾದರೆಂದರೆ ಆಟದ ಹೆಸರನ್ನೇ ಬದಲಿಸಿಬಿಟ್ಟರು. ಮಾರ್ಕ್ ಶುಲ್ಟ್ಜ್ ಅವರ ‘ಜೀನೊಜೋಯಿಕ್ ಟೇಲ್ಸ್’ ಕಾಮಿಕ್ಸನ್ನು ಆಧರಿಸಿದ ಈ ಆಟ ಆ ಕಾಲದ ಯಾವ ಮನೆ ಕನ್ಸೋಲಿಗೂ ಬರಲಿಲ್ಲ. ಎಮ್ಯುಲೇಟರಿನ ಕಾನೂನು ಚರ್ಚೆಯಲ್ಲಿ ಇದು ಮತ್ತೆ ಬರುತ್ತದೆ.

ಯಂತ್ರದೊಳಗೆ ಯಂತ್ರ

ಫ್ಯಾಮಿಕಾಮಿನ ಪ್ರೊಸೆಸರ್ ರಿಕೋ ಕಂಪನಿಯದು, ವೇಗ 1.79 ಮೆಗಾಹರ್ಟ್ಜ್. ಕೆಲಸಕ್ಕೆಂದು ಇದ್ದ ರ‍್ಯಾಮ್ ಬರೀ 2 ಕಿಲೋಬೈಟ್. ಚಿತ್ರ ಬಿಡಿಸಲು ಬೇರೆಯೇ ಒಂದು ಚಿಪ್, ಅದರ ಪರದೆ ಅಡ್ಡಕ್ಕೆ 256, ಉದ್ದಕ್ಕೆ 240 ಚುಕ್ಕಿ. ಸೂಪರ್ ಮಾರಿಯೋ ಪೂರ್ತಿ ಆಟದ ಗಾತ್ರ 40 ಕಿಲೋಬೈಟ್. ವಾಟ್ಸಾಪಿನಲ್ಲಿ ಬರುವ ಒಂದು ‘ಶುಭೋದಯ’ ಚಿತ್ರ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದಿರುತ್ತದೆ.

ಎಮ್ಯುಲೇಟರ್ ಮಾಡುವುದು ಇಷ್ಟು: ರೋಮ್ ಫೈಲಿನಿಂದ ಒಂದು ಆದೇಶ ಓದುವುದು, ಅಸಲಿ ಪ್ರೊಸೆಸರ್ ಅದಕ್ಕೆ ಏನು ಮಾಡುತ್ತಿತ್ತೋ ಅದನ್ನೇ ಫೋನಿನ ಪ್ರೊಸೆಸರಿನಿಂದ ಮಾಡಿಸುವುದು, ಅದಕ್ಕೆ ಎಷ್ಟು ಸಮಯ ಹಿಡಿಯುತ್ತಿತ್ತೆಂದು ಲೆಕ್ಕ ಇಡುವುದು, ಮುಂದಿನ ಆದೇಶಕ್ಕೆ ಹೋಗುವುದು. ಪರದೆಯ ಒಂದು ಚಿತ್ರ ಮೂಡುವಷ್ಟರಲ್ಲಿ ಫ್ಯಾಮಿಕಾಮ್ ಪ್ರೊಸೆಸರಿನ ಗಡಿಯಾರ ಸುಮಾರು 29,780 ಸಲ ಮಿಡಿಯುತ್ತದೆ. ಪ್ರೊಸೆಸರ್, ಚಿತ್ರದ ಚಿಪ್, ಧ್ವನಿ ಮೂರರ ಲೆಕ್ಕವೂ ಹೊಂದಿಕೊಂಡಿರಬೇಕು. ಒಂದು ತಪ್ಪಿದರೆ ಪರದೆಯ ಕೆಳಭಾಗ ನಡುಗುತ್ತದೆ, ಇಲ್ಲವೆ ಹಾಡು ಅಪಸ್ವರವಾಗುತ್ತದೆ. ಅಸಲಿಯ ನಡವಳಿಕೆಯನ್ನು ಚಾಚೂ ತಪ್ಪದೆ ತರಬೇಕೆಂದು ಹೊರಟರೆ ಯಂತ್ರಕ್ಕೆ ಬೀಳುವ ಹೊರೆ ಊಹೆಗೂ ಮೀರಿದ್ದು. ಫ್ಯಾಮಿಕಾಮಿನ ಮುಂದಿನ ತಲೆಮಾರಾದ ಸೂಪರ್ ನಿಂಟೆಂಡೊಗಾಗಿ ‘ಬಿಸ್ನೆಸ್’ ಎಂಬ ಎಮ್ಯುಲೇಟರ್ ಬರೆದ, ನಿಯರ್ ಎಂಬ ಹೆಸರಿನಿಂದ ಪರಿಚಿತರಾದ ತಂತ್ರಜ್ಞರು 2011ರಲ್ಲಿ, ಕೆಲವೇ ಮೆಗಾಹರ್ಟ್ಜಿನ ಆ ಯಂತ್ರವನ್ನು ನಿಖರವಾಗಿ ಅನುಕರಿಸಲು 3 ಗಿಗಾಹರ್ಟ್ಜ್ ಕಂಪ್ಯೂಟರ್ ಬೇಕೆಂದು ವಾದಿಸಿದ್ದರು.

ಸೋನಿಯ ಪ್ಲೇಸ್ಟೇಷನ್, ಪಿಎಸ್‌ಪಿಯಂಥ ದೊಡ್ಡ ಯಂತ್ರಗಳಿಗೆ ಒಂದೊಂದೇ ಆದೇಶ ಓದಿ ನಡೆಸುವ ಕ್ರಮ ಸಾಲದು. ಅಲ್ಲಿ ಆದೇಶಗಳ ಇಡೀ ಕಂತೆಯನ್ನು ಒಮ್ಮೆಗೇ ಫೋನಿನ ಎಆರ್‌ಎಂ ಪ್ರೊಸೆಸರಿನ ಭಾಷೆಗೆ ತಿರುಗಿಸಿ ಇಟ್ಟುಕೊಂಡು, ಬೇಕಾದಾಗಲೆಲ್ಲ ಆ ತಿರುಗಿಸಿದ ಪ್ರತಿಯನ್ನೇ ಓಡಿಸುತ್ತಾರೆ. ಪ್ರವಚನಕಾರರ ಒಂದೊಂದು ವಾಕ್ಯಕ್ಕೂ ಪಕ್ಕದಲ್ಲಿ ನಿಂತು ಅರ್ಥ ಹೇಳುವುದಕ್ಕೂ, ಇಡೀ ಪ್ರವಚನವನ್ನು ಮೊದಲೇ ಅನುವಾದಿಸಿ ಅಚ್ಚು ಹಾಕಿಸಿ ಹಂಚುವುದಕ್ಕೂ ಇರುವಷ್ಟು ವ್ಯತ್ಯಾಸ ಇದು. ನಿಂಟೆಂಡೊದ ಕೈಯಂತ್ರ, 2001ರ ಗೇಮ್ ಬಾಯ್ ಅಡ್ವಾನ್ಸ್ ಸ್ವತಃ 16.78 ಮೆಗಾಹರ್ಟ್ಜಿನ ಎಆರ್‌ಎಂ ಯಂತ್ರ. ಇಂದಿನ ಫೋನಿಗೆ ಅದು ದೂರದ ನೆಂಟ. ವೇಗವೂ ಅಷ್ಟು ಕಡಿಮೆ ಇರುವುದರಿಂದ ಎಷ್ಟೇ ಅಗ್ಗದ ಫೋನಿನಲ್ಲೂ ಪೋಕೆಮಾನ್ ಫೈರ್‌ರೆಡ್ ತಡವರಿಸದೆ ಓಡುತ್ತದೆ.

ಐವತ್ತೋ ಅರವತ್ತೋ

ಈಗ ‘ನಮ್ಮ ಮಾರಿಯೋ ಥರ ಇಲ್ಲ’ ಎಂಬ ದೂರಿಗೆ ಬರೋಣ. ಜಪಾನ್ ಮತ್ತು ಅಮೆರಿಕದ ಹಳೆಯ ಟಿವಿಗಳು ಎನ್‌ಟಿಎಸ್‌ಸಿ ಪದ್ಧತಿಯವು, ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತಿದ್ದವು. ದೂರದರ್ಶನ ಒಪ್ಪಿಕೊಂಡದ್ದು ಪಾಲ್ ಪದ್ಧತಿಯನ್ನು, ಅದರ ಲೆಕ್ಕ ಸೆಕೆಂಡಿಗೆ 50. ಫ್ಯಾಮಿಕಾಮಿನ ಬಹುಪಾಲು ಆಟಗಳು ಕಾಲವನ್ನು ಗಡಿಯಾರದಿಂದ ಅಳೆಯುವುದಿಲ್ಲ, ಪರದೆ ಎಷ್ಟು ಸಲ ಬದಲಾಯಿತು ಎಂಬುದರಿಂದ ಅಳೆಯುತ್ತವೆ. ಪಾಲ್ ಟಿವಿಗೆ ಹೊಂದಿಸಿದ ನಕಲು ಸೆಟ್ಟಿಗೆ 60ರ ಲೆಕ್ಕದ ಆಟ ಹಾಕಿದಾಗ ಆಟ ಆರರಲ್ಲಿ ಐದು ಪಾಲು ವೇಗಕ್ಕೆ ಇಳಿಯುತ್ತದೆ.

ಮಾರಿಯೋದ ಮೊದಲ ಸ್ಟೇಜನ್ನೇ ತೆಗೆದುಕೊಳ್ಳಿ. ಮೇಲೆ ಬಲಗಡೆ ‘ಟೈಮ್’ 400ರಿಂದ ಇಳಿಯುತ್ತ ಬರುತ್ತದೆ. ಸುಮಾರು 24 ಸಲ ಪರದೆ ಬದಲಾದರೆ ಅದು ಒಂದು ಅಂಕಿ ಇಳಿಯುತ್ತದೆ. ಜಪಾನಿನ ಟಿವಿಯಲ್ಲಿ ಅದು ಪೂರ್ತಿ ಸೊನ್ನೆಗೆ ಇಳಿಯಲು ಹಿಡಿಯುವುದು ಅಂದಾಜು 2 ನಿಮಿಷ 40 ಸೆಕೆಂಡ್. ವಿಜಯನಗರದ ಮನೆಯೊಂದರ ಪಾಲ್ ಸೆಟ್ಟಿನಲ್ಲಿ ಅದಕ್ಕೇ ಸುಮಾರು 3 ನಿಮಿಷ 12 ಸೆಕೆಂಡ್. ಅಣಬೆ ನಿಧಾನ, ಆಮೆ ನಿಧಾನ, ಹಳ್ಳ ದಾಟುವ ಜಿಗಿತ ನಿಧಾನ. ಹಾಡಿನ ತಾಳವೂ ನಿಧಾನ, ಆದರೆ ಶ್ರುತಿ ಹೆಚ್ಚುಕಡಿಮೆ ಅದೇ. ಕಾರಣ, ಸ್ವರವನ್ನು ಹುಟ್ಟಿಸುವ ಚಿಪ್‌ನ ವೇಗ ಈ ನಕಲುಗಳಲ್ಲಿ 1.77 ಮೆಗಾಹರ್ಟ್ಜ್, ಅಂದರೆ ಅಸಲಿಗೆ ತೀರ ಹತ್ತಿರ. ಯುರೋಪಿನ ಅಧಿಕೃತ ಪಾಲ್ ಯಂತ್ರದಲ್ಲಿ ಈ ವೇಗ 1.66 ಇದ್ದುದರಿಂದ ಅಲ್ಲಿ ಶ್ರುತಿಯೂ ಇಳಿಯುತ್ತಿತ್ತು.

ಇದರ ಅರ್ಥ, ನಕಲು ಸೆಟ್ಟಿನಲ್ಲಿ ಕಲಿತವನ ಬೆರಳುಗಳು 50ರ ಲೆಕ್ಕಕ್ಕೆ ಪಳಗಿವೆ. ಫೋನಿನ ಎಮ್ಯುಲೇಟರ್ ಕೇಳದೆಯೇ 60ರಲ್ಲಿ ಶುರುವಾಗುತ್ತದೆ, ಬಾಲ್ಯದಲ್ಲಿ ಸಲೀಸಾಗಿ ದಾಟಿದ ಹಳ್ಳಕ್ಕೆ ಈಗ ಬೀಳುತ್ತೇವೆ. ಪರಿಹಾರ ಸುಲಭ. ರಷ್ಯದಲ್ಲಿ ‘ಡೆಂಡಿ’ ಎಂಬ ಹೆಸರಿನಲ್ಲಿ ಮನೆಮಾತಾದ ನಕಲು ಸೆಟ್ಟಿಗೂ ಇದೇ ಬಗೆಯ ಚಿಪ್ ಇತ್ತು. ಅಲ್ಲಿನ ಅಭಿಮಾನಿಗಳ ದೆಸೆಯಿಂದ ಎಫ್‌ಸಿಇಯುಎಂಎಂ, ನೆಸ್ಟೋಪಿಯಾ ಮೊದಲಾದ ಎಮ್ಯುಲೇಟರುಗಳ ಸೆಟ್ಟಿಂಗ್ಸ್‌ನಲ್ಲಿ ಎನ್‌ಟಿಎಸ್‌ಸಿ, ಪಾಲ್ ಜೊತೆಗೆ ‘ಡೆಂಡಿ’ ಎಂಬ ಮೂರನೆಯ ಆಯ್ಕೆಯೂ ಸೇರಿದೆ. ಅದನ್ನು ಒತ್ತಿದರೆ ನಮ್ಮ ಕಾಲದ ನಡಿಗೆ ವಾಪಸು ಬರುತ್ತದೆ. ನಮ್ಮ ನೆನಪಿಗೆ ಬೇಕಾದ ಗುಂಡಿಗೆ ರಷ್ಯದ ಹೆಸರು ಅಂಟಿಕೊಂಡಿರುವುದು ವಿಚಿತ್ರ. ಅವರು ತಮ್ಮ ಸೆಟ್ಟುಗಳನ್ನು ಬಿಚ್ಚಿ, ಅಳೆದು, ಬರೆದಿಟ್ಟರು. ಆ ಕೆಲಸ ಇಲ್ಲಿ ಅಷ್ಟಾಗಿ ನಡೆಯಲಿಲ್ಲ.

ಬಾತುಕೋಳಿಯ ಗನ್ನಿನ ಕಥೆ ಬೇರೆ. ಟ್ರಿಗರ್ ಒತ್ತಿದ ಕ್ಷಣ ಪರದೆ ಪೂರ್ತಿ ಕಪ್ಪಾಗಿ, ಮರುಗಳಿಗೆ ಬಾತುಕೋಳಿ ಇದ್ದ ಜಾಗದಲ್ಲಷ್ಟೇ ಒಂದು ಬಿಳಿ ಚೌಕ ಮೂಡುತ್ತಿತ್ತು. ಗನ್ನಿನ ನಳಿಕೆಯೊಳಗಿನ ಬೆಳಕಿನ ಸಂವೇದಕಕ್ಕೆ ಆ ಬಿಳಿ ಕಂಡರೆ ಗುರಿ ತಾಗಿದಂತೆ. ಗನ್ನು ಗುಂಡು ಹಾರಿಸುತ್ತಿರಲಿಲ್ಲ, ಟಿವಿಯನ್ನು ನೋಡುತ್ತಿತ್ತು ಅಷ್ಟೆ. ಹಳೆಯ ಪಿಕ್ಚರ್ ಟ್ಯೂಬು ಗೆರೆಗೆರೆಯಾಗಿ ಚಿತ್ರ ಬರೆಯುವ ವೇಗವನ್ನೇ ಈ ಗನ್ನು ನೆಚ್ಚಿಕೊಂಡಿತ್ತು. ಎಲ್‌ಸಿಡಿ ಟಿವಿಗಳು ಚಿತ್ರವನ್ನು ತುಸು ತಡೆದು ತೋರಿಸುವುದರಿಂದ ಹಳೆಯ ಗನ್ನು ಅಲ್ಲಿ ಕೆಲಸ ಮಾಡುವುದಿಲ್ಲ. ಫೋನಿನಲ್ಲಿ ಬಾತುಕೋಳಿಯ ಮೇಲೆ ನೇರವಾಗಿ ಬೆರಳು ಕುಟ್ಟಿದರೆ ಆಯಿತು. ಆಟದ ಸ್ವಾರಸ್ಯ ಅಲ್ಲಿಗೆ ಮುಗಿದೇ ಹೋಯಿತು ಎಂದು ಬೇಕಾದರೂ ಹೇಳಬಹುದು.

ಅಸಲಿ ಯಂತ್ರದ ಕುಂದನ್ನು ತಿದ್ದುವ ಸೌಲಭ್ಯವೂ ಎಮ್ಯುಲೇಟರುಗಳಲ್ಲಿದೆ. ಫ್ಯಾಮಿಕಾಮ್ ಒಂದು ಅಡ್ಡಗೆರೆಯ ಮೇಲೆ 8ಕ್ಕಿಂತ ಹೆಚ್ಚು ಚಲಿಸುವ ಬಿಂಬಗಳನ್ನು ತೋರಿಸಲಾರದು. ಕಾಂಟ್ರಾದಲ್ಲಿ ಇಬ್ಬರೂ ಒಟ್ಟಿಗೆ ಗುಂಡಿನ ಮಳೆ ಸುರಿಸುವಾಗ ಗುಂಡುಗಳು ಮಿನುಗಿ ಮಾಯವಾಗುತ್ತಿದ್ದುದು ಇದರಿಂದಲೇ. ಈ ಮಿತಿಯನ್ನು ಎಮ್ಯುಲೇಟರಿನಲ್ಲಿ ತೆಗೆದುಹಾಕಬಹುದು. ‘ಇನ್ 1’ ಕ್ಯಾಸೆಟ್ಟುಗಳು ಮಾತ್ರ ಇಂದಿಗೂ ತಲೆನೋವು. ಒಂದೇ ಚಿಪ್‌ನಲ್ಲಿ ಹಲವು ಆಟ ತುರುಕಲು ಪ್ರತಿ ಕಾರ್ಖಾನೆಯೂ ತನ್ನದೇ ಸರ್ಕ್ಯೂಟ್ ಹೊಸೆದಿತ್ತು. ಒಂದೊಂದನ್ನೂ ಎಮ್ಯುಲೇಟರ್ ಬೇರೆಬೇರೆಯಾಗಿ ಅರ್ಥ ಮಾಡಿಕೊಳ್ಳಬೇಕು. ಇಂಥ ವಿಚಿತ್ರ ಬೋರ್ಡುಗಳನ್ನು ಹುಡುಕಿ ಸೇರಿಸುವುದರಲ್ಲಿ ಎಫ್‌ಸಿಇಯುಎಂಎಂ ಹೆಸರು ಮಾಡಿದೆ.

ಪಿಸಿಯಿಂದ ಜೇಬಿಗೆ

ಫ್ಯಾಮಿಕಾಮ್ ಎಮ್ಯುಲೇಟರುಗಳು ಕಂಪ್ಯೂಟರಿಗೆ ಬಂದದ್ದು 90ರ ದಶಕದ ನಡುವಿನಲ್ಲಿ. ಮರಾತ್ ಫೈಜುಲಿನ್ ಬರೆದ ಐನೆಸ್ ತಂತ್ರಾಂಶ ರೋಮ್ ಫೈಲಿಗೆ ಕೊಟ್ಟ ರೂಪವೇ ಇಂದಿಗೂ ಚಾಲ್ತಿಯಲ್ಲಿದೆ. 1997ರ ಏಪ್ರಿಲಿನಲ್ಲಿ ಬಂದ ನೆಸ್ಟಿಕಲ್ ಸಾಧಾರಣ ಪಿಸಿಯಲ್ಲೂ ಪೂರ್ತಿ ವೇಗದಲ್ಲಿ ಓಡಿತು. ಅದೇ ವರ್ಷದ ಫೆಬ್ರವರಿಯಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಪಾರ್ಲರ್ ಆಟಗಳಿಗಾಗಿ ‘ಮೇಮ್’ ಬಿಡುಗಡೆ ಮಾಡಿದ್ದರು. ಪಾರ್ಲರಿನಲ್ಲಿ ಕಾಯಿನ್ ನುಂಗುತ್ತಿದ್ದ ಮುಸ್ತಫಾ, ಕಿಂಗ್ ಆಫ್ ಫೈಟರ್ಸ್ ಆಟಗಳು ಪಿಸಿಗೆ ಬಂದು, ಕೀಬೋರ್ಡಿನ ‘5’ ಒತ್ತಿದಷ್ಟೂ ಕಾಯಿನ್ ಸಿಗುವಂತಾಯಿತು.

ಫೋನಿನ ಮಟ್ಟಿಗೆ ಆರಂಭ ಸ್ಮಾರ್ಟ್‌ಫೋನಿನದಲ್ಲ. ಜಾವಾ ಓಡಿಸಬಲ್ಲ ಗುಂಡಿಫೋನುಗಳಿಗಾಗಿ ಮೀಬಾಯ್ ಎಂಬ ಗೇಮ್ ಬಾಯ್ ಎಮ್ಯುಲೇಟರ್ ಇತ್ತು. ಅಂಗುಲವೆರಡರ ಪರದೆ, ಹೆಬ್ಬೆರಳಿಗೆ 2, 4, 6, 8ರ ಗುಂಡಿಗಳು. ಈಗ ಯೋಚಿಸಿದರೆ ನಿಜವಾದ ಗುಂಡಿ ಇದ್ದದ್ದೇ ಅದರ ಭಾಗ್ಯ. ಆಂಡ್ರಾಯ್ಡ್ ಬಂದ ಮೇಲೆ ನೆಸಾಯ್ಡ್ ಮುಂತಾದ ಆ್ಯಪ್‌ಗಳು ಹೆಸರು ಮಾಡಿದವು. 2011ರಲ್ಲಿ ಗೂಗಲ್ ಅವನ್ನು ತನ್ನ ಮಾರುಕಟ್ಟೆಯಿಂದ ತೆಗೆಯಿತು. ಪಕ್ಕಕ್ಕೆ ಸರಿಸಿದರೆ ಗೇಮ್ ಗುಂಡಿಗಳು ಹೊರಬರುವ ಎಕ್ಸ್‌ಪೀರಿಯಾ ಪ್ಲೇ ಫೋನ್ ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ. 2012ರಲ್ಲಿ ರೆಟ್ರೋಆರ್ಚ್ ಎಂಬ ಹೆಸರು ತಳೆದ ತಂತ್ರಾಂಶ ಹತ್ತಾರು ಎಮ್ಯುಲೇಟರುಗಳನ್ನು ಒಂದೇ ಸೂರಿನಡಿ ತಂದಿತು. ಅದರ ಮೆನುಗಳ ಕಾಡಿನಲ್ಲಿ ದಾರಿ ತಪ್ಪದ ಹೊಸಬರು ಕಡಿಮೆ. ಅಂಥವರಿಗೆ ಲೆಮುರಾಯ್ಡ್ ವಾಸಿ. ಎರಡೂ ಉಚಿತ, ಮುಕ್ತ ತಂತ್ರಾಂಶ.

ಭಾರತದಲ್ಲಿ ಮನೆಮಾತಾದ ಫೋನ್ ಎಮ್ಯುಲೇಟರ್ ಎಂದರೆ ಹೆನ್ರಿಕ್ ರಿಡ್‌ಗಾರ್ಡ್ 2012ರ ನವೆಂಬರಿನಲ್ಲಿ ಬಿಟ್ಟ ಪಿಪಿಎಸ್‌ಎಸ್‌ಪಿಪಿ. ಸೋನಿಯ ಕೈಯಂತ್ರ ಪಿಎಸ್‌ಪಿಯ ಆಟಗಳನ್ನು ಇದು ನಡೆಸುತ್ತದೆ. ಟೆಕ್ಕನ್ 6, ಗಾಡ್ ಆಫ್ ವಾರ್, ಕುಸ್ತಿಯ ಆಟಗಳಿಗಾಗಿ ಇದನ್ನು ಹಾಕಿಕೊಂಡವರು ಕೆಂಗೇರಿ, ಮೈಸೂರು ರಸ್ತೆಯ ಇಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್‌ಗಳಲ್ಲಿ ಸಾಕಷ್ಟು ಸಿಗುತ್ತಾರೆ. ಇಂಥ ಆಟಗಳು ಒಂದೊಂದೂ ನೂರಾರು ಮೆಗಾಬೈಟ್, ಕೆಲವು ಗಿಗಾಬೈಟ್ ದಾಟುತ್ತವೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಗುವ ತನಕ ಇವನ್ನು ಪೆನ್‌ಡ್ರೈವ್, ಮೆಮೊರಿ ಕಾರ್ಡುಗಳಲ್ಲಿ ಕೈಬದಲಿಸಿಕೊಳ್ಳುವುದೇ ವಾಡಿಕೆಯಾಗಿತ್ತು. 2021ರ ಕೊನೆಗೆ ಏಥರ್‌ಎಸ್‌ಎಕ್ಸ್2 ಬಂದಾಗ ಪ್ಲೇಸ್ಟೇಷನ್ 2 (ಪಿಎಸ್2) ಕೂಡ ಫೋನಿಗಿಳಿಯಿತು. ಇಎ ಕಂಪನಿಯ ಕ್ರಿಕೆಟ್ 07ಕ್ಕೆ ಅದರಿಂದ ಮತ್ತೊಂದು ಜೀವ ಬಂತು. 2006ರಲ್ಲಿ ಪಿಸಿ ಮತ್ತು ಪಿಎಸ್2ಗಾಗಿ ಬಂದ ಆ ಆಟದ ಬಳಿಕ ಇಎ ಪಿಸಿ, ಕನ್ಸೋಲುಗಳಿಗೆ ಮತ್ತೆ ಕ್ರಿಕೆಟ್ ಆಟ ತಂದಿಲ್ಲ. ಏಥರ್‌ಎಸ್‌ಎಕ್ಸ್2 ಬರೆದವರು ಕಿರುಕುಳ, ಬೆದರಿಕೆಗಳಿಗೆ ಬೇಸತ್ತು 2023ರ ಜನವರಿಯಲ್ಲಿ ಕೆಲಸ ನಿಲ್ಲಿಸಿದರು. ಪುಕ್ಕಟೆ ಕೊಟ್ಟವನ ಮೇಲೇ ಹರಿಹಾಯುವುದು ಈ ಲೋಕದ ಕೆಟ್ಟ ಚಾಳಿ.

ಐಫೋನಿನಲ್ಲಿ ಬಹುಕಾಲ ಬಾಗಿಲು ಮುಚ್ಚಿತ್ತು. 2024ರ ಏಪ್ರಿಲಿನಲ್ಲಿ ಆ್ಯಪಲ್ ನಿಯಮ ಸಡಿಲಿಸಿತು, ಕೆಲವೇ ದಿನಗಳಲ್ಲಿ ರೈಲಿ ಟೆಸ್ಟಟ್ ಅವರ ಡೆಲ್ಟಾ ಆ್ಯಪ್ ಸ್ಟೋರಿಗೆ ಬಂತು, ಮೇ ತಿಂಗಳಲ್ಲಿ ರೆಟ್ರೋಆರ್ಚ್. ಆದರೆ ಆದೇಶಗಳನ್ನು ಕಂತೆಗಟ್ಟಿ ತಿರುಗಿಸುವ ವಿಧಾನಕ್ಕೆ ಆ್ಯಪಲ್ ಅನುಮತಿ ಕೊಟ್ಟಿಲ್ಲ. ಹಾಗಾಗಿ ಹಳೆಯ ಯಂತ್ರಗಳ ಮಟ್ಟಿಗೆ ತೊಂದರೆಯಿಲ್ಲ, ಪಿಎಸ್2ನಂಥ ದೊಡ್ಡವಕ್ಕೆ ಆಂಡ್ರಾಯ್ಡೇ ವಾಸಿ.

ಬೆರಳಿನ ಕಷ್ಟ

ಚಲ್ಲಘಟ್ಟ, ಕೆಂಗೇರಿ ಕಡೆಯಿಂದ ಅತ್ತಿಗುಪ್ಪೆ, ವಿಜಯನಗರ ದಾಟಿ ಮೆಜೆಸ್ಟಿಕ್‌ಗೆ ಬರುವ ನೇರಳೆ ಮಾರ್ಗದ ಮೆಟ್ರೋದಲ್ಲಿ ಕೂರಲು ಜಾಗ ಸಿಕ್ಕವರಿಗೆ ಬ್ಯಾಟಲ್ ಸಿಟಿಯ ನಾಲ್ಕಾರು ಸ್ಟೇಜ್ ಮುಗಿಸಲು ಸಮಯ ಧಾರಾಳ. ನಿಂತವರಿಗೆ ಆಗದು, ಈ ಆಟಗಳಿಗೆ ಎರಡೂ ಕೈ ಬೇಕು. ಫೋನ್ ಪರದೆಯ ಮೇಲೆ ಬಿಡಿಸಿದ ಗುಂಡಿಗಳಿಗೆ ಅಂಚಿಲ್ಲ, ಬೆರಳು ಜಾರಿದ್ದು ಗೊತ್ತಾಗುವುದು ಮಾರಿಯೋ ಸತ್ತ ಮೇಲೆ. ಓಡುವುದಕ್ಕೆ ‘ಬಿ’ ಒತ್ತಿ ಹಿಡಿದು ಅದೇ ಹೆಬ್ಬೆರಳನ್ನು ಹೊರಳಿಸಿ ಹಾರಲು ‘ಎ’ ಒತ್ತುವ ಹಳೆಯ ವಿದ್ಯೆ ಗಾಜಿನ ಮೇಲೆ ನಡೆಯುವುದಿಲ್ಲ. ಪೋಕೆಮಾನ್, ಚೆಸ್ ಥರದ ನಿಧಾನದ ಆಟಕ್ಕೆ ಪರದೆ ಸಾಕು. ಕಾಂಟ್ರಾಗೆ ಸಾಲದು. ಬ್ಲೂಟೂತ್ ಪ್ಯಾಡ್ ಆಗಲಿ, ಎಸ್‌ಪಿ ರೋಡಿನಲ್ಲಿ ಸಿಗುವ ಒಟಿಜಿ ಕೇಬಲ್‌ಗೆ ಸಿಕ್ಕಿಸಿದ ಅಗ್ಗದ ಯುಎಸ್‌ಬಿ ಪ್ಯಾಡ್ ಆಗಲಿ ಬೇಕೇ ಬೇಕು. ಬ್ಲೂಟೂತ್ ಇಯರ್‌ಫೋನ್ ಶಬ್ದವನ್ನು ತಡವಾಗಿ ಮುಟ್ಟಿಸುತ್ತದೆ, ಹಾರಿದ ಮೇಲೆ ‘ಟುಯ್’ ಕೇಳಿಸುತ್ತದೆ. ವೈರಿನದೇ ಮೇಲು.

ಹಳೆಯ ಸೆಟ್ಟಿಗಿಂತ ಎಮ್ಯುಲೇಟರ್ ನಿಸ್ಸಂಶಯವಾಗಿ ಮೇಲಾಗಿರುವುದು ಒಂದು ವಿಷಯದಲ್ಲಿ: ಯಾವ ಕ್ಷಣದಲ್ಲಿ ಬೇಕಾದರೂ ಆಟವನ್ನು ನಿಲ್ಲಿಸಿ, ಯಂತ್ರದ ಇಡೀ ಸ್ಥಿತಿಯನ್ನು ಉಳಿಸಿಟ್ಟು, ನಾಳೆ ಅಲ್ಲಿಂದಲೇ ಮುಂದುವರಿಸುವ ‘ಸೇವ್ ಸ್ಟೇಟ್’. ಕಾಂಟ್ರಾದ ಏಳನೆಯ ಸ್ಟೇಜಿನಲ್ಲಿ ಕರೆಂಟ್ ಹೋಗಿ, ಬಂದ ಮೇಲೆ ಮತ್ತೆ ಕಾಡಿನಿಂದ ಶುರುಮಾಡಿದವರಿಗೆ ಇದರ ಬೆಲೆ ಗೊತ್ತು. ಹಿಂದಕ್ಕೆ ಸರಿಸುವ ‘ರಿವೈಂಡ್’ ಮಾತ್ರ ಬೇಡ. ಪ್ರತಿ ತಪ್ಪನ್ನೂ ಅಳಿಸಬಹುದಾದರೆ ಎಂಟೂ ಸ್ಟೇಜು ಅರ್ಧ ಗಂಟೆಯಲ್ಲಿ ಮುಗಿದು, ಆಡಿದ ಸುಖವೇ ಉಳಿಯುವುದಿಲ್ಲ.

ಕನ್ನಡದ ಮಾತು ಬಂದರೆ, ಈ ಆಟಗಳು ಕನ್ನಡಕ್ಕೆ ಬರದಿರಲು ಮಾರುಕಟ್ಟೆಯಷ್ಟೇ ಯಂತ್ರವೂ ಕಾರಣ. ಫ್ಯಾಮಿಕಾಮಿನ ಹಿನ್ನೆಲೆಯ ಚಿತ್ರವೆಲ್ಲ ಒಮ್ಮೆಗೆ ಸಿಗುವ 256 ಅಚ್ಚುಗಳಿಂದ ಆಗಬೇಕು, ಒಂದೊಂದೂ 8×8 ಚುಕ್ಕಿ. ಇಂಗ್ಲಿಷಿನ ದೊಡ್ಡಕ್ಷರ ಮತ್ತು ಅಂಕಿಗಳಿಗೆ 36 ಅಚ್ಚು ಸಾಕು. ಕನ್ನಡದ ಗುಣಿತಾಕ್ಷರಗಳೇ ನಾನೂರು ದಾಟುತ್ತವೆ, ಒತ್ತಕ್ಷರಕ್ಕೆ ಕೆಳಗೆ ಇನ್ನೊಂದು ಸಾಲು ಬೇಕು.

ಕಾನೂನು

ಎಮ್ಯುಲೇಟರ್ ಬರೆಯುವುದು ಅಪರಾಧವಲ್ಲ. ಸೋನಿ ಕಂಪನಿ ಕನೆಕ್ಟಿಕ್ಸ್ ಎಂಬ ಸಂಸ್ಥೆಯ ಪ್ಲೇಸ್ಟೇಷನ್ ಎಮ್ಯುಲೇಟರ್ ವಿರುದ್ಧ ಹೂಡಿದ ದಾವೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಎಮ್ಯುಲೇಟರ್ ಪರವಾಗಿ ತೀರ್ಪಿತ್ತಿತು. ತಗಾದೆ ಏಳುವುದು ರೋಮ್ ಫೈಲಿನಲ್ಲಿ, ನಕಲು ತಡೆಯುವ ಬೀಗ ಮುರಿಯುವುದರಲ್ಲಿ. 2018ರಲ್ಲಿ ರೋಮ್ ಹಂಚುತ್ತಿದ್ದ ಲವ್‌ರೋಮ್ಸ್ ಜಾಲತಾಣ ನಡೆಸುತ್ತಿದ್ದವರು ನಿಂಟೆಂಡೊಗೆ 1.2 ಕೋಟಿ ಡಾಲರ್ ತೆರಲು ಒಪ್ಪಿದರು. 2024ರ ಮಾರ್ಚಿನಲ್ಲಿ ನಿಂಟೆಂಡೊ ಸ್ವಿಚ್ ಯಂತ್ರದ ಎಮ್ಯುಲೇಟರ್ ಯುಜು ತಯಾರಿಸಿದವರು 24 ಲಕ್ಷ ಡಾಲರಿಗೆ ರಾಜಿಯಾಗಿ ಅಂಗಡಿ ಮುಚ್ಚಿದರು. ಅವರದೇ ಇನ್ನೊಂದು ಎಮ್ಯುಲೇಟರ್ ಸಿಟ್ರಾ ಕೂಡ ಅದರೊಂದಿಗೆ ಹೋಯಿತು.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಎಎ) ಕಲಮಿನ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ಕ್ರಮಬದ್ಧವಾಗಿ ಹೊಂದಿರುವವರು, ಅದು ಕಳೆದುಹೋದರೆ ಹಾಳಾದರೆ ಇರಲೆಂದು ಒಂದು ಬ್ಯಾಕಪ್ ಮಾಡಿಕೊಳ್ಳಬಹುದು. 2012ರಲ್ಲಿ ಸೇರಿದ 65ಎ ಕಲಮು ನಕಲು ತಡೆಯುವ ಬೀಗಗಳನ್ನು ಹಕ್ಕು ಉಲ್ಲಂಘಿಸಲೆಂದು ಮುರಿಯುವುದನ್ನು ನಿಷೇಧಿಸುತ್ತದೆ. 63ಬಿ ಕಲಮು ಅಕ್ರಮ ಪ್ರತಿ ಎಂದು ಗೊತ್ತಿದ್ದೂ ಬಳಸುವವರಿಗೆ 7 ದಿನದಿಂದ 3 ವರ್ಷದವರೆಗೆ ಸಜೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಎನ್ನುತ್ತದೆ. ಲಾಭದ ಉದ್ದೇಶವಿಲ್ಲದಿದ್ದರೆ ಸಜೆ ಕೈಬಿಡುವ ಅಧಿಕಾರ ನ್ಯಾಯಾಲಯಕ್ಕಿದೆ. ನಮ್ಮ ‘9999 ಇನ್ 1’ ಕ್ಯಾಸೆಟ್ ಸ್ವತಃ ಕಳ್ಳಮಾಲು. ಅದರಿಂದ ಬ್ಯಾಕಪ್ ಮಾಡಿಕೊಂಡೆ ಎನ್ನುವ ವಾದ ನಿಲ್ಲದು. ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2025ರ ಕಾಯ್ದೆಗೂ ಈ ಆಟಗಳಿಗೂ ಸಂಬಂಧವಿಲ್ಲ.

ಹಾಗಾದರೆ ಕಾಸು ಕೊಟ್ಟೇ ಆಡೋಣವೆಂದರೆ? ಕಾಂಟ್ರಾಗೆ ದಾರಿಯಿದೆ, ಕೊನಾಮಿ 2019ರಲ್ಲಿ ಹಳೆಯ ಆವೃತ್ತಿಗಳ ಸಂಗ್ರಹವನ್ನೇ ತಂದಿದೆ. ಮುಸ್ತಫಾಗೆ ಅಂಥ ದಾರಿ ಸುಲಭವಿಲ್ಲ. ಆಟ ಒಬ್ಬರದು, ಕಾಮಿಕ್ಸ್ ಇನ್ನೊಬ್ಬರದು, ಹೆಸರಿನಲ್ಲಿರುವ ಕಾರು ಮತ್ತೊಬ್ಬರದು. ಅಮೆರಿಕದ ವೀಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ ಆ ದೇಶದಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ ಶೇಕಡಾ 87ರಷ್ಟು ಆ ಹೊತ್ತಿಗೆ ಮಾರಾಟದಲ್ಲೇ ಇರಲಿಲ್ಲ. ಹಕ್ಕುದಾರರು ಮಾರುವುದೂ ಇಲ್ಲ, ಬಿಡುವುದೂ ಇಲ್ಲ ಎಂಬ ಸ್ಥಿತಿ ನ್ಯಾಯವಲ್ಲ. ಆದರೂ ಇವತ್ತಿನ ಕಾನೂನು ಅದೇ. ನಿಶ್ಚಿಂತೆಯಿಂದ ಆಡಬೇಕೆನ್ನುವವರಿಗೆ ಹಳೆಯ ಯಂತ್ರಕ್ಕೇ ಇಂದಿನವರು ಬರೆದ ಹೊಸ ಆಟಗಳಿವೆ. 2019ರ ಮೈಕ್ರೋ ಮೇಜಸ್ ಅಂಥದೊಂದು. ಮಾರಿಯೋದಂತೆ ಅದನ್ನೂ 40 ಕಿಲೋಬೈಟಿನಲ್ಲೇ ಅಡಗಿಸಿದ್ದಾರೆ, ನಾಲ್ವರು ಒಟ್ಟಿಗೆ ಆಡಬಹುದು. ಎಮ್ಯುಲೇಟರನ್ನು ಪ್ಲೇ ಸ್ಟೋರ್ ಅಥವಾ ಎಫ್-ಡ್ರಾಯ್ಡ್‌ನಿಂದಲೇ ಇಳಿಸಿಕೊಳ್ಳಿ. ಆಟ ನಡೆಸಲು ಎಮ್ಯುಲೇಟರಿಗೆ ನಿಮ್ಮ ಕಾಂಟ್ಯಾಕ್ಟ್ಸ್, ಎಸ್‌ಎಂಎಸ್ ಬೇಕಿಲ್ಲ, ಕೇಳಿದರೆ ತೆಗೆದುಹಾಕಿ.

ಭಾರತದಲ್ಲಿ ಮಾರಾಟವಾದ ನಕಲು ಸೆಟ್ಟುಗಳ ಚಿಪ್, ವೇಗ, ಕ್ಯಾಸೆಟ್ ಸರ್ಕ್ಯೂಟುಗಳ ದಾಖಲೆ ರಷ್ಯದವರದಷ್ಟು ಸಮೃದ್ಧವಾಗಿಲ್ಲ. ಬಿಡಿಸಿ ನೋಡದ ಕ್ಯಾಸೆಟ್ಟನ್ನು ಯಾವ ಎಮ್ಯುಲೇಟರೂ ನಡೆಸಲಾರದು. ನಿಮ್ಮ ಮನೆಯ ಸಜ್ಜದ ಮೇಲೆ ಹಳೆಯ ಟಿವಿ ಗೇಮ್ ಇದ್ದರೆ ಗುಜರಿಗೆ ಹಾಕುವ ಮುನ್ನ ಸೆಟ್ಟಿನ ಕೆಳಗಿನ ಚೀಟಿ, ಒಳಗಿನ ಬೋರ್ಡು, ಕ್ಯಾಸೆಟ್ಟಿನ ಎರಡೂ ಬದಿಗಳ ಫೋಟೊ ತೆಗೆದಿಡಿ. ಚಿಪ್ ಓದಿ ಫೈಲ್ ಮಾಡಬಲ್ಲವರು ಪರಿಚಯವಿದ್ದರೆ ಅವರ ಕೈಗೆ ಕೊಡಿ.